ಗಂಡು ಮರಿ

ತಾಯಿನಾಯಿ ಲಾರಿಗೆ ಸಿಕ್ಕಿ ಸತ್ತಾಗ ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಪುಟ್ಟಗೌರಮ್ಮ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಹತ್ತಿಯ ಬತ್ತಿಯಲ್ಲಿ ಹಾಲು ಚೀಪಿಸಿದಳು. ತಾವಾಗಿ ಉಚ್ಚೆ ಹೊಯ್ಯಲೂ ಬಾರದವು, ಒದ್ದೆ ಬಟ್ಟೆಯಲ್ಲಿ ಹೊಟ್ಟೆಯ ಕೆಳಗೆ ಸವರಿ ಹೊಯ್ಯಿಸಿದಳು. ಅವು ಓಡಾಡುವ ಹೊತ್ತಿಗೆ ಅವಳ ಸೊಂಟ ಬಿದ್ದುಹೋಗಿತ್ತು.

ಗಂಡು ಮರಿಗಳನ್ನು ಕೇಳಿದವರು ಒಯ್ದರು. ಉಳಿದದ್ದು ಒಂದು ಹೆಣ್ಣು. ಅದನ್ನು ನಾಳೆಯೇ ಬೀದಿಗೆ ಬಿಡಬೇಕೆಂದು ಮನೆ ಮಾಲೀಕ ಹೇಳಿಬಿಟ್ಟಿದ್ದ.

ಸಂಜೆ ಕೋಳಿ ಫಾರಂನವನು ಬಂದ. "ಗಂಡಾದ್ರೆ ಕೊಡವ್ವ. ಹೆಣ್ಣು ಬ್ಯಾಡ, ವರ್ಸಕ್ಕೊಂದು ಸಂಸಾರ ಹೂಡ್ತದೆ."

"ಗಂಡೇ ಕಣಪ್ಪ," ಎಂದವಳೇ ಮರಿಯನ್ನು ಟವೆಲಿನಲ್ಲಿ ಬಿಗಿಯಾಗಿ ಸುತ್ತಿ ಅವನ ಕೈಗಿಟ್ಟಳು. "ಎಳೇದು, ಗಾಳಿ ತಾಕ್ತದೆ. ಮನೆ ಮುಟ್ಟೋಗಂಟ ಬಿಚ್ಚಬ್ಯಾಡ. ಎದೆಗೆ ಅವಚ್ಕೊಂಡು ಹೋಗು."

ಅವನು ಗುಂಡಿ ಬಿಚ್ಚಿ ಮರಿಯನ್ನು ಅಂಗಿಯೊಳಗಿಟ್ಟುಕೊಂಡ. ಕತ್ತು ಬಗ್ಗಿಸಿ ಅದರ ಜೊತೆ ಏನೋ ಮಾತಾಡುತ್ತ ನಡೆದ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಗಳಿಗೆ ತಡೆಯಲಾಗಲಿಲ್ಲ. "ಅಲ್ಲ ಕಣವ್ವ, ಹೆಣ್ಣನ್ನ ಗಂಡು ಅಂತ ಸಾಗಹಾಕ್ದಲ್ಲ. ಬಿಚ್ಚಿ ನೋಡಿದ್‌ಮೇಲೆ ತಂದು ಬಿಸಾಕಿ, ನಿನ್ನೂ ಬೈದು ಹೋಗ್ತಾನೆ."

"ತರಾಕಿಲ್ಲ ಬಿಡು." ಪುಟ್ಟಗೌರಮ್ಮ ಗೋಡೆಗೊರಗಿ ಕಾಲು ನೀಡಿ ಕಣ್ಣು ಮುಚ್ಚಿದಳು. "ನೀನು ಹುಟ್ಟಿದಾಗ ನಿಮ್ಮಪ್ಪನ ಕೈಗೂ ಗಂಡು ಅಂತಾನೇ ಸುತ್ತಿ ಕೊಟ್ಟಿದ್ದೆ."