ಎಣ್ಣೆ ಕುಡಿದ ಪಚ್ಚೆ

ಸುತ್ತಿಗೆ ಬಿದ್ದು ಸಾಣೆಗಾರನ ಎರಡನೆಯ ಬೆರಳೂ ಲಟಕ್ಕೆಂದಿತು. ರತ್ನದಂಗಡಿಯ ಶಟರ್ ಎಳೆದಿದ್ದರಿಂದ ಅವನ ಕೂಗು ಬೀದಿಗೆ ಕೇಳಿಸಲಿಲ್ಲ.

"ನನ್ನ ಅಪ್ಪಟ ಪಚ್ಚೆ ಎಲ್ಲೋ?" ಎಂದ ಯಜಮಾನ.

"ಸಾಣೆ ಹಿಡಿದು ನಿಮ್ಮ ಬಾಮೈದನ ಕೈಗೇ ಕೊಟ್ಟೆ ಸ್ವಾಮಿ, ದೇವರಾಣೆಗೂ."

"ಸುಳ್ಳು ಬೊಗಳ್ತಾನೆ, ಭಾವ! ಇವನು ಕೊಟ್ಟ ಪೊಟ್ಟಣ ನಾನು ಬಿಚ್ಚೂ ನೋಡಿಲ್ಲ, ಹಾಗೇ ತಂದುಕೊಟ್ಟೆ," ಎನ್ನುತ್ತ ಭಾವಮೈದುನ ಮತ್ತೆ ಸುತ್ತಿಗೆ ಎತ್ತಿದ.

"ಸ್ವಲ್ಪ ತಡೀರಿ," ಎಂದಳು ಕಲ್ಲು ಪರೀಕ್ಷಿಸಲು ಬಂದಿದ್ದ ಹೆಂಗಸು. ಅವಳು ಅಂಗಡಿಯ ದೀಪ ಆರಿಸಿ, ಆ ಪೊಟ್ಟಣದಲ್ಲಿ ಬಂದಿದ್ದ ಕಲ್ಲನ್ನು ಚಿಮಟದಲ್ಲಿ ಹಿಡಿದು, ತನ್ನ ನೇರಳೆ ದೀಪ ಹಚ್ಚಿದಳು. ಹಸಿರು ಕಲ್ಲಿನೊಳಗೆ ಹಳದಿ ಗೆರೆಗಳು ಜೇಡರ ಬಲೆಯಂತೆ ಹೊಳೆದವು.

"ಇದು ಕಳಪೆ ಕಲ್ಲು. ಬಿರುಕು ಕಾಣಬಾರದು ಅಂತ ಎಣ್ಣೆ ಕುಡಿಸಿದಾರೆ. ಎಣ್ಣೆ ಈ ಬೆಳಕಲ್ಲಿ ಹಳದಿ ಹೊಳೆಯುತ್ತೆ. ಜಿಡ್ಡು ಇನ್ನೂ ಹಸಿ ಇದೆ."

"ಹಂಗಾದ್ರೆ ಕುಡಿಸಿದವನ ಕೈಗೂ ಅಂಟಿರಬೇಕು. ಹಿಡಿಯೋ ಇವನ ಕೈನ ದೀಪಕ್ಕೆ!"

ಭಾವನ ಗುಡುಗಿಗೆ ಬೆಚ್ಚಿದ ಭಾವಮೈದುನ, ಹಿಂದುಮುಂದು ನೋಡದೆ ಸಾಣೆಗಾರನ ಜಜ್ಜಿದ ಕೈಯನ್ನು ದೀಪದಡಿಗೆ ಎಳೆದ. ನೋವಿನಲ್ಲೂ ಸಾಣೆಗಾರ ಕಣ್ಣು ತೆರೆದು ನೋಡಿದ. ತನ್ನ ಬೆರಳುಗಳ ಮೇಲೆ ರಕ್ತ ಕಪ್ಪಾಗಿ ಕಾಣುತ್ತಿತ್ತು, ಅಷ್ಟೇ. ಅವುಗಳನ್ನು ಅದುಮಿ ಹಿಡಿದಿದ್ದ ಬೆರಳುಗಳು ಹಳದಿಯಾಗಿ ಹೊಳೆಯುತ್ತಿದ್ದವು.