ಕಡ್ಡಿಯಿಂದ ಕಡ್ಡಿಗೆ

"ತಗೋ, ಇದನ್ನ ನೀನೇ ತಿನ್ನು," ಎಂದು ಅಣ್ಣ ತಕೆಹಿಕೊ ಕೊನೆಯ ಗ್ಯೋಜಾ ಕಡುಬನ್ನು ತನ್ನ ಊಟದ ಕಡ್ಡಿಗಳಲ್ಲಿ ಹಿಡಿದು ಮೇಜಿನಾಚೆ ಚಾಚಿದ. ತಂಗಿ ಚಿಜುರು ತಟ್ಟೆ ಒಡ್ಡಬೇಕಿತ್ತು, ಅವನು ಅದರಲ್ಲಿ ಹಾಕುತ್ತಿದ್ದ. ಅವಳು ಒಡ್ಡಲಿಲ್ಲ.

ಬೆಳಿಗ್ಗೆಯಷ್ಟೇ ಚಿತಾಗಾರದಲ್ಲಿ ಇಬ್ಬರೂ ಅಮ್ಮನ ಮೂಳೆಗಳನ್ನು ಕಡ್ಡಿಯಿಂದ ಕಡ್ಡಿಗೆ ದಾಟಿಸಿ ಕುಡಿಕೆಗೆ ತುಂಬಿದ್ದರು. ವರ್ಷಗಟ್ಟಲೆ ಅಮ್ಮನ ಹೇಲು ಉಚ್ಚೆ ಬಾಚಿದ್ದು ಚಿಜುರು ಒಬ್ಬಳೇ. ಒಮ್ಮೆಯೂ ಇತ್ತ ತಲೆ ಹಾಕದ ಅಣ್ಣ ಈಗ ಈ ಊಟದಂಗಡಿಯಲ್ಲಿ ಕೂತು ರಾಮೆನ್ ಶಾವಿಗೆ ಸೊರ್ರೆಂದು ಹೀರುತ್ತಲೇ ಮಾತು ಮುಗಿಸಿದ್ದ: "ಮನೆ ಮಾರೋಕೆ ಮಾತಾಡಿದೀನಿ. ತಿಂಗಳೊಳಗೆ ಎಲ್ಲಾದ್ರೂ ಒಂದು ಕೋಣೆ ನೋಡ್ಕೋ. ಒಂಟಿ ಹೆಂಗ್ಸು, ನಿಂಗೆಷ್ಟು ಜಾಗ ಬೇಕು?" ಅದಾದ ಮೇಲೆ ಈ ಕಡುಬಿನ ಔದಾರ್ಯ.

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ತನ್ನ ಕಡ್ಡಿಗಳನ್ನೆತ್ತಿ, ಅವನ ಕಡ್ಡಿಗಳಲ್ಲಿದ್ದ ಹಾಗೇ ಕಡುಬನ್ನು ಮೆತ್ತಗೆ ಹಿಡಿದಳು. ಒಲೆಯ ಮುಂದೆ ಅಂಗಡಿಯ ಮುದುಕನ ಸೌಟು ನಿಂತುಬಿಟ್ಟಿತು.

"ಏಯ್, ತಲೆ ಕೆಟ್ಟಿದೆಯಾ? ಹೀಗೆ ತಗೊಳ್ಳೋದು ಸತ್ತವರ ಮೂಳೆನ ಕಣೇ!"

"ಗೊತ್ತಣ್ಣ," ಎಂದಳು ಚಿಜುರು, ಹಿಡಿತ ಬಿಡದೆ. "ಅಮ್ಮಂದು ಬೆಳಿಗ್ಗೆ ಆಯ್ತು. ಇದು ನಿಂದು."