ರಕ್ಷಣಾ ಷೇರುಗಳ ಹಬ್ಬ

“ಈ ಸಾಲು ನಾನು ಓದಲ್ಲ ಸರ್,” ಎಂದಳು ಮಯೂರಿ.

ನೋಯ್ಡಾದ ಆ ವಾಣಿಜ್ಯ ಸುದ್ದಿವಾಹಿನಿಯ ಕನ್ನಡ ವಿಭಾಗದಲ್ಲಿ ಬೆಳಗಿನ ಷೇರುಪೇಟೆ ಬುಲೆಟಿನ್‌ಗೆ ಇನ್ನು ಕೆಲವೇ ನಿಮಿಷಗಳಿದ್ದವು. ಹಿಂದಿನ ಸಂಜೆ ಗಡಿಯಲ್ಲಿ ಗುಂಡಿನ ಕಾಳಗ ಶುರುವಾಗಿತ್ತು. ಪೇಟೆ ತೆರೆದದ್ದೇ ತಡ, ಹೂಡಿಕೆದಾರರು ಗಾಬರಿಬಿದ್ದು ವಿಮಾನಯಾನ, ಹೋಟೆಲ್, ಬ್ಯಾಂಕ್ ಷೇರುಗಳನ್ನು ಸಿಕ್ಕ ಬೆಲೆಗೆ ಮಾರತೊಡಗಿದ್ದರು. ಫಿರಂಗಿ, ಕ್ಷಿಪಣಿ, ಡ್ರೋನ್ ತಯಾರಿಸುವ ಕಂಪನಿಗಳ ಷೇರುಗಳಿಗೆ ಮುಗಿಬಿದ್ದಿದ್ದರು. ವಾರ್ತಾವಾಚಕಿ ಮಯೂರಿಯ ಎದುರಿನ ಪ್ರಾಂಪ್ಟರ್ ಪರದೆಯ ಮೇಲೆ ಮೊದಲ ಸಾಲು ಸಿದ್ಧವಾಗಿತ್ತು: ‘ಗಡಿಯಲ್ಲಿ ಗುಂಡಿನ ಸದ್ದು, ರಕ್ಷಣಾ ಷೇರುಗಳಿಗೆ ಹಬ್ಬ!’

“ಯಾಕಮ್ಮ, ಏನು ತಪ್ಪಿದೆ ಇದ್ರಲ್ಲಿ?” ಪ್ರೊಡ್ಯೂಸರ್ ಶ್ರೀವತ್ಸ ಕೈಲಿದ್ದ ಚಹಾ ಲೋಟವನ್ನು ಮೇಜಿನ ಮೇಲಿಟ್ಟರು. “ಹಿಂದಿಯವರು ‘ದೀವಾಲಿ’ ಅಂತಾನೇ ಹಾಕಿದ್ದಾರೆ. ನಾವು ಹಬ್ಬ ಅಂತಾದ್ರೂ ಅನ್ನಬೇಡ್ವಾ?”

“ಷೇರು ಏರಿದೆ ಅಂತ ಹೇಳ್ತೀನಿ. ಎಷ್ಟು ಏರಿದೆ ಅಂತಾನೂ ಹೇಳ್ತೀನಿ. ಹಬ್ಬ ಅನ್ನಲ್ಲ.”

“ನೋಡಮ್ಮ, ನಿನ್ನ ಕಾಂಟ್ರ್ಯಾಕ್ಟ್ ಮುಗಿಯೋಕೆ ಬಂದಿದೆ. ಮೇಲಿನವರು ಎಲ್ಲಾ ಗಮನಿಸ್ತಿರ್ತಾರೆ.”

“ಗಮನಿಸ್ಲಿ ಸರ್. ನೀವೇ ಹೇಳಿ, ಆ ಕಂಪನಿಗಳಿಗೆ ನಿನ್ನೆಯಿಂದ ಒಂದಾದ್ರೂ ಹೊಸ ಆರ್ಡರ್ ಬಂದಿದೆಯಾ?”

“ಇಲ್ಲ.”

“ಬ್ಯಾಂಕುಗಳಿಗೆ ರಾತ್ರೋರಾತ್ರಿ ಏನಾದ್ರೂ ನಷ್ಟ ಆಯ್ತಾ?”

“ಅದೂ ಇಲ್ಲ.”

“ಜನ ಹೆದರಿಕೊಂಡು ಅಲ್ಲಿಂದ ದುಡ್ಡು ತೆಗೆದು ಇಲ್ಲಿ ಹಾಕಿದ್ದಾರೆ, ಅಷ್ಟೇ. ನಾವು ಹಬ್ಬ ಅಂತ ಕೂಗಿದ್ರೆ ಇನ್ನೊಂದಷ್ಟು ಜನ ತಂದು ಹಾಕ್ತಾರೆ.”

ತನ್ನ ತಮ್ಮ ಕಿಶನ್ ಆ ಗಡಿಯಲ್ಲೇ ಕಾವಲಿನಲ್ಲಿದ್ದಾನೆ ಎಂಬುದನ್ನು ಮಯೂರಿ ಹೇಳಲಿಲ್ಲ. ಗುಂಡು ಹಾರತೊಡಗಿದಾಗಿನಿಂದ ಅವನ ಫೋನು ಸಿಕ್ಕಿರಲಿಲ್ಲ. ನೋಯ್ಡಾ ಪಕ್ಕದ ಇಂದಿರಾಪುರಂನ ಮನೆಯಲ್ಲಿ ಅಮ್ಮ ಟಿ.ವಿ.ಯ ದನಿ ಪೂರ್ತಿ ತಗ್ಗಿಸಿ, ಚಿತ್ರವನ್ನಷ್ಟೇ ನೋಡುತ್ತ ಕೂತಿದ್ದಳು. ಅದನ್ನು ಹೇಳಿದ್ದರೆ ಶ್ರೀವತ್ಸ ಆ ಕ್ಷಣವೇ ಸಾಲು ಅಳಿಸುತ್ತಿದ್ದರು. ಆದರೆ ಅದು ತನ್ನ ಮೇಲಿನ ಕನಿಕರಕ್ಕೆ ಅಳಿಸಬೇಕಾದ ಸಾಲಲ್ಲ ಎಂದು ಅವಳಿಗೆ ಅನಿಸಿತ್ತು.

ಕ್ಯಾಮೆರಾದ ಮೇಲಿನ ಕೆಂಪು ದೀಪ ಹತ್ತಿತು. ಹಬ್ಬದ ಸಾಲು ಪರದೆಯ ಮೇಲೆ ಹಾಗೇ ಇತ್ತು. ಮಯೂರಿ ಅದರ ಕಡೆ ನೋಡದೆ ತನ್ನದೇ ಮಾತಿನಲ್ಲಿ ಆರಂಭಿಸಿದಳು. “ಗಡಿಯ ಸುದ್ದಿಗೆ ಪೇಟೆ ಹೆದರಿದೆ. ಆ ಹೆದರಿಕೆಯಲ್ಲಿ ಕೆಲವು ಷೇರು ಬಿದ್ದಿವೆ, ಕೆಲವು ಎದ್ದಿವೆ. ಇವತ್ತು ಏನನ್ನೇ ಮಾರುವ, ಕೊಳ್ಳುವ ಮುಂಚೆ ಒಂದು ಸಲ ಯೋಚಿಸಿ.” ಕಿವಿಯೊಳಗಿನ ಇಯರ್‌ಫೋನ್‌ನಲ್ಲಿ ಶ್ರೀವತ್ಸರ ದನಿ ಸಿಡುಕಿತು. “ಅಚ್ಛಾ! ಚಲೋ, ನಿನ್ನಿಷ್ಟ. ಮೇಲಿನವರು ಕೇಳಿದ್ರೆ ನೀನೇ ಉತ್ತರ ಕೊಡು.” ಅವಳು ಕೊನೆಯ ಅಂಕಿಯವರೆಗೂ ಓದಿ ಮುಗಿಸಿದಳು.

ಮಧ್ಯಾಹ್ನ ಕದನ ವಿರಾಮ ಘೋಷಣೆಯಾಯಿತು. ನೋಡನೋಡುತ್ತಿದ್ದಂತೆ ಎಲ್ಲ ತಿರುಗುಮುರುಗಾಯಿತು. ಬೆಳಿಗ್ಗೆ ಯಾರಿಗೂ ಬೇಡವಾಗಿದ್ದ ವಿಮಾನ, ಹೋಟೆಲ್ ಷೇರುಗಳು ಮೇಲೆದ್ದವು. ರಕ್ಷಣಾ ಷೇರುಗಳು ದಡದಡನೆ ಇಳಿದವು. ಶ್ರೀವತ್ಸ ಮುಂದಿನ ಬುಲೆಟಿನ್‌ಗೆ ‘ರಕ್ಷಣಾ ಷೇರುಗಳಿಗೆ ಸೂತಕ’ ಎಂದು ಟೈಪ್ ಮಾಡುತ್ತಿದ್ದಾಗ ಪಕ್ಕದಲ್ಲಿದ್ದ ಮಯೂರಿಯ ಮೊಬೈಲ್ ಬಡಿದುಕೊಂಡಿತು.

“ಹೇಳಮ್ಮ... ಮಾತಾಡಿದ್ನಾ? ಅವನೇ ಮಾತಾಡಿದ್ನಾ?” ಅವಳು ಗೋಡೆಗೆ ಒರಗಿದಳು. “ಊಟ ಮಾಡಿದ್ದಾನಂತಾ? ಸರಿ. ಸರಿ, ನೀನೂ ಈಗ ಏನಾದ್ರೂ ತಿನ್ನು.”

“ಯಾರು?” ಎಂದರು ಶ್ರೀವತ್ಸ.

“ನನ್ನ ತಮ್ಮ ಸರ್. ಗಡಿಯಲ್ಲಿದ್ದಾನೆ.”

ಶ್ರೀವತ್ಸ ಅವಳ ಮುಖ ನೋಡಿದರು. ಪರದೆಯ ಕಡೆ ತಿರುಗಿ ‘ಸೂತಕ’ವನ್ನು ಅಳಿಸಿ ‘ಇಳಿಕೆ’ ಎಂದು ಬರೆದರು.

ಬುಲೆಟಿನ್‌ನ ಕೊನೆಗೆ ವೀಕ್ಷಕರ ನೇರ ಕರೆ. “ಮೇಡಂ, ನಾನು ಶಂಕರಪ್ಪ, ತುಮಕೂರಿನಿಂದ,” ಎಂದಿತು ವಯಸ್ಸಾದ ದನಿ. “ಬೆಳಿಗ್ಗೆ ಯಾವುದೋ ಚಾನೆಲ್‌ನಲ್ಲಿ ದೀವಾಲಿ ದೀವಾಲಿ ಅಂತಿದ್ರು. ಒಂದು ಡ್ರೋನ್ ಕಂಪನಿ ಷೇರು ತಗೊಂಡುಬಿಟ್ಟೆ. ಈಗ ನೋಡಿದ್ರೆ ಬಿದ್ದೋಗಿದೆ. ಇಟ್ಕೊಳ್ಳೋದಾ, ಮಾರೋದಾ? ಮತ್ತೆ ಶುರುವಾಗೋ ಛಾನ್ಸ್ ಇದೆಯಾ?”

“ಏನು ಶುರುವಾಗೋದು ಸರ್?”

“ಅದೇ... ಗಡೀಲಿ.”

ಇಂಥ ಪ್ರಶ್ನೆಗಳಿಗೆ ವಾಹಿನಿಯಲ್ಲಿ ಒಂದು ಸಿದ್ಧ ಉತ್ತರವಿತ್ತು: ನಿಮ್ಮ ಹಣಕಾಸು ಸಲಹೆಗಾರರನ್ನು ಕೇಳಿ. ಸ್ಟುಡಿಯೋದ ಗಾಜಿನಾಚೆ ಶ್ರೀವತ್ಸರ ಬೆರಳು ಕರೆ ಕತ್ತರಿಸುವ ಗುಂಡಿಯ ಮೇಲಿತ್ತು. ಮಯೂರಿ ನೆಟ್ಟಗೆ ಕೂತಳು.

“ಶಂಕರಪ್ಪನವರೇ, ಹೆದರಿಕೆಯಿಂದ ಏರಿದ ಬೆಲೆ ಹೆದರಿಕೆ ಹೋದ ಮೇಲೆ ನಿಲ್ಲಲ್ಲ. ಮತ್ತೆ ಅಷ್ಟಕ್ಕೇ ಏರಬೇಕು ಅಂದ್ರೆ ಅಲ್ಲಿ ಮತ್ತೆ ಗುಂಡು ಹಾರಬೇಕು. ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಈ ಒಂದು ಷೇರಿನಲ್ಲಿ ನಿಮಗೆ ನಷ್ಟವೇ ಆಗಲಿ.”

ಶ್ರೀವತ್ಸ ಗುಂಡಿಯ ಮೇಲಿಂದ ಬೆರಳು ತೆಗೆದರು. ಕರೆ ತುಂಡಾಗಲಿಲ್ಲ. ಆ ಕಡೆಯಿಂದ ಹೆಂಗಸೊಬ್ಬರು “ಏನಂತಾರ್ರೀ?” ಎಂದು ಕೇಳಿದ್ದು ಸ್ಟುಡಿಯೋದಲ್ಲಿ ಸ್ಪಷ್ಟವಾಗಿ ಕೇಳಿಸಿತು.

“ನಷ್ಟ ಆಗಲಿ ಅಂತಿದ್ದಾರೆ ಕಣೇ. ಇಲ್ದೇ ಇದ್ರೆ ಗಡೀಲಿ ಮತ್ತೆ ಗುಂಡು ಹಾರಬೇಕಂತೆ.”

“ಹಾಗಿದ್ರೆ ನಷ್ಟವೇ ಆಗಲಿ ಬಿಡಿ,” ಎಂದರು ಆಕೆ.